ಮನೆಯಲ್ಲಿ ಮಾತು, ಶಾಲೆಯಲ್ಲಿ ಮೌನ: ಶಿಕ್ಷಕರು ಏನು ಮಾಡಬೇಕು?

"ಮನ್ಯಾಗ ಬಾಯಿಗೆ ಬಿಡುವಿಲ್ಲದಂಗ ಮಾತಾಡ್ತಾಳ್ರೀ ಅಕ್ಕೋರೆ, ಸಾಲ್ಯಾಗ ಏನಾಗ್ತೈತೋ" ಎಂದು ಗಂಗಾವತಿ ಸಮೀಪದ ಹಳ್ಳಿಯಲ್ಲಿ ಎರಡನೇ ತರಗತಿಯ ಹುಡುಗಿಯೊಬ್ಬಳ ತಾಯಿ ನನ್ನೆದುರು ಕಣ್ಣೀರು ಹಾಕಿದಾಗ, ಅವರು ಅದಾಗಲೇ ಮಗಳ ನಾಲಿಗೆಗೆ ಬಜೆ ತೇಯ್ದು ಹಚ್ಚಿ, ಹರಕೆಯನ್ನೂ ಹೊತ್ತಿದ್ದರು. ನಾಲಿಗೆಯಲ್ಲಿ ದೋಷವಿರಲಿಲ್ಲ. ಮನೆಯಲ್ಲಿ ಸರಾಗವಾಗಿ ಮಾತನಾಡುವ ಮಗು ಶಾಲೆಯಂಥ ಕೆಲವು ಕಡೆ ಮಾತ್ರ ಒಂದು ತಿಂಗಳಿಗೂ ಮೀರಿ ಮಾತನಾಡಲಾಗದೆ ಉಳಿಯುವುದನ್ನು ಸೆಲೆಕ್ಟಿವ್ ಮ್ಯೂಟಿಸಂ ಎನ್ನುತ್ತಾರೆ. ಶಾಲೆಗೆ ಸೇರಿದ ಮೊದಲ ತಿಂಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಗು ಬೇಕೆಂದೇ ಸುಮ್ಮನಿರುತ್ತದೆ ಎಂಬ ಅರ್ಥ ಕೊಡುತ್ತಿದ್ದ ಹಳೆಯ ಹೆಸರನ್ನು ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿ 1994ರಲ್ಲಿ ಕೈಬಿಟ್ಟು, 2013ರಲ್ಲಿ ಇದನ್ನು ಆತಂಕದ ಸಮಸ್ಯೆಗಳ ಗುಂಪಿಗೆ ಸೇರಿಸಿತು.

ಈ ಆತಂಕ ಕಣ್ಣಿಗೆ ಕಾಣುತ್ತದೆ. ಬಿಸಿಯೂಟದ ಸಾಲಿನಲ್ಲಿ ಅಡುಗೆಯವರು "ಸಾರು ಬೇಕೇನವಾ?" ಎಂದು ಕೇಳಿದಾಗ ಆ ಹುಡುಗಿಯ ದವಡೆ ಬಿಗಿಯಿತು, ತಟ್ಟೆ ಹಿಡಿದ ಬೆರಳುಗಳು ಬಿಳಿಚಿದವು, ಅವಳು ಬರಿ ಅನ್ನವನ್ನೇ ತಿಂದು ಎದ್ದಳು. ಇದನ್ನು ಹಠ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಮ್ಮ ಭಾಗದಲ್ಲಿ ತೆಲುಗು, ಉರ್ದು, ಲಂಬಾಣಿ ಮನೆಮಾತಿನ ಮಕ್ಕಳು ಕನ್ನಡ ಶಾಲೆಯಲ್ಲಿ ಕೆಲಕಾಲ ಮೌನವಾಗಿರುವುದು ಸಹಜ. ಮನೆಮಾತು ಬಲ್ಲ ಗೆಳತಿಯೊಡನೆಯೂ ಶಾಲೆಯಲ್ಲಿ ದನಿ ಹೊರಡದಿದ್ದರೆ ಮಾತ್ರ ಈ ದಿಕ್ಕಿನಲ್ಲಿ ಯೋಚಿಸಿ. ಕಿವಿಯ ಪರೀಕ್ಷೆಯನ್ನೂ ಮಾಡಿಸಿ.

ಮೊದಲ ಕೆಲಸವೆಂದರೆ ಮಾತಿಲ್ಲದೆಯೂ ಮಗುವಿನ ದಿನ ಸಾಗುವಂತೆ ಮಾಡುವುದು. ಹಾಜರಿಗೆ ಕೈ ಎತ್ತಿದರೆ ಸಾಕು. ಶೌಚಾಲಯಕ್ಕೆ ಹೋಗಲು ಒಂದು ಚೀಟಿ ಕೊಡಿ, ಏಕೆಂದರೆ ಕೇಳಲಾಗದೆ ಸಂಜೆಯವರೆಗೆ ತಡೆದುಕೊಳ್ಳುವ ಮಕ್ಕಳಿದ್ದಾರೆ. ಓದಿನ ಮೌಲ್ಯಮಾಪನಕ್ಕೆ ತಾಯಿಯ ಮೊಬೈಲ್‌ನಲ್ಲಿ ಧ್ವನಿಮುದ್ರಿಸಿ ತರಲು ಹೇಳಿ.

ನಿಜವಾದ ಬದಲಾವಣೆ ಬರುವುದು ಮೆಟ್ಟಿಲು ಮೆಟ್ಟಿಲಾಗಿ. ಶಾಲೆ ಬಿಟ್ಟ ಮೇಲೆ ಖಾಲಿ ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಕುಂಟೆಬಿಲ್ಲೆಯನ್ನೋ ಚೌಕಾಬಾರವನ್ನೋ ಆಡಲಿ. ಮಾತು ಸಲೀಸಾದ ಮೇಲೆ ನೀವು ಮೊದಲು ಬಾಗಿಲಾಚೆ, ಮುಂದಿನ ದಿನಗಳಲ್ಲಿ ಕೋಣೆಯ ಮೂಲೆಯಲ್ಲಿ ನಿಮ್ಮ ಕೆಲಸ ಮಾಡಿಕೊಂಡು ಕುಳಿತು, ನಿಧಾನವಾಗಿ ಆಟಕ್ಕೆ ಸೇರಿಕೊಳ್ಳಿ. ದನಿ ನಿಂತರೆ ಒಂದು ಹೆಜ್ಜೆ ಹಿಂದೆ ಸರಿಯಿರಿ. ನೀವು ಆಟದೊಳಗೆ ಬಂದ ಬಳಿಕ ತಾಯಿ ಮೆಲ್ಲಗೆ ದೂರವಾಗಲಿ, ಆಮೇಲೆ ಒಬ್ಬ ಗೆಳತಿ ಬರಲಿ. ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಚಿಕ್ಕ ಗುಂಪು ಇದರ ಮುಂದಿನ ಮೆಟ್ಟಿಲಾಗಬಲ್ಲದು. "ಹೌದೋ ಅಲ್ಲವೋ" ಎಂದು ಕೇಳಿದರೆ ಮಗು ತಲೆಯಾಡಿಸಿ ಮುಗಿಸುತ್ತದೆ, "ಕೆಂಪು ಕಾಯಿ ಬೇಕೋ, ಹಸಿರು ಕಾಯಿ ಬೇಕೋ?" ಎಂದು ಕೇಳಿ, ಐದು ಸೆಕೆಂಡು ಕಾಯಿರಿ. ಮಾತು ಬಂದಾಗ ತರಗತಿಯಲ್ಲಿ ಚಪ್ಪಾಳೆ ಹೊಡೆಸಬೇಡಿ. "ಸರಿ, ಕೆಂಪು" ಎಂದು ಆಟ ಮುಂದುವರಿಸಿ. "ಮೂಗಿ" ಎಂದು ಕರೆಯುವ ಮಕ್ಕಳನ್ನು ಅಲ್ಲಿಯೇ ತಡೆಯಿರಿ.

ವರ್ಷಕ್ಕೊಮ್ಮೆ ಶಾಲೆಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡಕ್ಕೆ ವಿಷಯ ತಿಳಿಸಿ. ಪಾಲಕರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ-ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ಜೂನ್‌ನಲ್ಲಿ ತರಗತಿ ಬದಲಾದಾಗ ಗಳಿಸಿದ ಮಾತು ಮತ್ತೆ ನಿಂತುಬಿಡುವ ಸಂಭವವಿದೆ; ಬೇಸಿಗೆ ರಜೆಗೆ ಮುನ್ನವೇ ಮುಂದಿನ ಶಿಕ್ಷಕರನ್ನು ಕರೆತಂದು, ಅದೇ ಚೌಕಾಬಾರದ ಆಟದಲ್ಲಿ ನಿಮ್ಮ ಪಕ್ಕಕ್ಕೆ ಕೂರಿಸಿಕೊಳ್ಳಿ.