ರೈಫಲ್‌ಗೆ ಟಾರ್ಚ್ ಕೂರಿಸುವುದು: ಮೊದಲು ದೂರ, ಆಮೇಲೆ ಲ್ಯೂಮೆನ್

ರೈಫಲ್‌ಗೆ ಟಾರ್ಚ್ ಕೊಳ್ಳಲು ಹೊರಟವರ ಕಣ್ಣು ಮೊದಲು ಬೀಳುವುದು ಡಬ್ಬಿಯ ಮೇಲಿನ ದೊಡ್ಡ ಅಂಕಿಯ ಮೇಲೆ. 1000 ಲ್ಯೂಮೆನ್, 2000 ಲ್ಯೂಮೆನ್, ಎಷ್ಟು ಜಾಸ್ತಿಯೋ ಅಷ್ಟು ಒಳ್ಳೆಯದು ಎಂಬ ಲೆಕ್ಕ. ಅಂಕಿ ಸುಳ್ಳೇನಲ್ಲ. ಆದರೆ ನಿಮಗೆ ಬೇಕಾದ ಉತ್ತರ ಅದರಲ್ಲಿ ಸಿಗುವುದಿಲ್ಲ. ಕತ್ತಲಲ್ಲಿ ಎಷ್ಟು ದೂರದ ವಸ್ತು ನಿಮಗೆ ಗುರುತು ಸಿಗಬೇಕು? 20 ಮೀಟರೇ, 150 ಮೀಟರೇ? ಇದನ್ನು ಮೊದಲು ತೀರ್ಮಾನಿಸಿದರೆ ಟಾರ್ಚ್, ಸೆಲ್, ಟಾರ್ಚನ್ನು ರೈಫಲ್‌ಗೆ ಹಿಡಿಸುವ ಮೌಂಟ್ ಮೂರೂ ತಾವಾಗಿಯೇ ಒಂದು ಹದಕ್ಕೆ ಬರುತ್ತವೆ.

ಅದಕ್ಕೂ ಮೊದಲು ಕಾನೂನು. ಬಂದೂಕಿಗೆ ಬೆಳಕು ಕಟ್ಟುವುದು, ಬೆಳಕು ಹಾಯಿಸಿ ಪ್ರಾಣಿ ಹೊಡೆಯುವುದು ಹಲವು ಕಡೆ ನಿಷಿದ್ಧ. ಕೆಲವೆಡೆ ಪರವಾನಗಿ ಬೇಕು. ನಿಮ್ಮಲ್ಲಿ ಏನು ನಿಯಮವಿದೆ ಎಂದು ತಿಳಿದುಕೊಂಡ ಮೇಲೆಯೇ ದುಡ್ಡು ಬಿಚ್ಚಿ.

ಕೈಟಾರ್ಚ್ ಬೇರೆ ಇರಲಿ

ರೈಫಲ್ ಮೇಲಿನ ಟಾರ್ಚ್ ಇರುವುದು ಹುಡುಕುವುದಕ್ಕಲ್ಲ, ಗುರಿಯನ್ನೂ ಅದರ ಹಿಂದೆ ಏನಿದೆ ಎಂಬುದನ್ನೂ ಖಚಿತ ಮಾಡಿಕೊಳ್ಳುವುದಕ್ಕೆ. ಬೆಳಕು ಎಲ್ಲಿ ಬೀಳುತ್ತದೋ ನಳಿಕೆಯ ಬಾಯಿಯೂ ಅಲ್ಲಿಗೇ ತಿರುಗಿರುತ್ತದೆ, ಅಲ್ವಾ? ಪೊದೆಯ ಹಿಂದೆ ಸದ್ದು ಮಾಡಿದ್ದು ಯಾರು ಎಂದು ನೋಡಲು ರೈಫಲ್ ಎತ್ತಿದರೆ, ಅಲ್ಲಿರುವವರು ನಿಮ್ಮ ಜೊತೆಗಾರರೇ ಆಗಿರಬಹುದು. ಹುಡುಕುವುದಕ್ಕೆ ಜೇಬಿನಲ್ಲಿ ಬೇರೆ ಟಾರ್ಚ್ ಇರಬೇಕು. ಎರಡಕ್ಕೂ ದುಡ್ಡು ಸಾಲದಿದ್ದರೆ ಮೊದಲು ಕೈಟಾರ್ಚ್ ಕೊಳ್ಳಿ ಎಂಬುದು ನನ್ನ ಅಭಿಪ್ರಾಯ.

ಲ್ಯೂಮೆನ್ ಮತ್ತು ಕ್ಯಾಂಡೆಲಾ

ಟಾರ್ಚಿನಿಂದ ಹೊರಗೆ ಬರುವ ಒಟ್ಟು ಬೆಳಕು ಲ್ಯೂಮೆನ್. ಆ ಬೆಳಕು ಒಂದೇ ದಿಕ್ಕಿಗೆ ಎಷ್ಟು ಗಟ್ಟಿಯಾಗಿ ಹೋಗುತ್ತದೆ ಎಂಬುದು ಕ್ಯಾಂಡೆಲಾ. ನೀರಿನ ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿದರೆ ನೀರೇನೂ ಹೆಚ್ಚಾಗುವುದಿಲ್ಲ, ಆದರೆ ಚಿಮ್ಮುವ ದೂರ ಹೆಚ್ಚುತ್ತದೆ. ಟಾರ್ಚಿನಲ್ಲಿ ಹೆಬ್ಬೆರಳಿನ ಕೆಲಸವನ್ನು ಎಲ್‌ಇಡಿಯ ಸುತ್ತಲಿನ ರಿಫ್ಲೆಕ್ಟರ್ ಇಲ್ಲವೇ ಮುಂದಿನ ಲೆನ್ಸ್ ಮಾಡುತ್ತದೆ.

ಒಂದು ಉದಾಹರಣೆ ನೋಡಿ. ಮಾಡ್‌ಲೈಟ್ ಎಂಬ ಕಂಪನಿ ರೈಫಲ್ ಟಾರ್ಚ್‌ಗೆ ಮಾಡುವ ತಲೆಗಳಲ್ಲಿ, ಅಂದರೆ ಬೆಳಕು ಹೊಮ್ಮುವ ಮುಂಭಾಗಗಳಲ್ಲಿ, ಎರಡನ್ನು ಹೋಲಿಸಿ. ಪಿಎಲ್‌ಎಚ್‌ವಿ2 ಎಂಬುದಕ್ಕೆ ಕಂಪನಿ ಕೊಡುವ ಅಂಕಿ 1350 ಲ್ಯೂಮೆನ್, 54,000 ಕ್ಯಾಂಡೆಲಾ. ಒಕೆಡಬ್ಲ್ಯು ಎಂಬುದಕ್ಕೆ 680 ಲ್ಯೂಮೆನ್, 69,000 ಕ್ಯಾಂಡೆಲಾ. ಲ್ಯೂಮೆನ್ ಅರ್ಧದಷ್ಟಿದ್ದರೂ ಎರಡನೆಯದೇ ಹೆಚ್ಚು ದೂರ ಮುಟ್ಟುತ್ತದೆ. ಆದರೆ ಅದರ ಬೆಳಕು ಸಣ್ಣ ವೃತ್ತ. ಹತ್ತಿರದಲ್ಲಿ ಅಕ್ಕಪಕ್ಕ ಏನಿದೆ ಎಂದು ಸರಿಯಾಗಿ ಕಾಣುವುದಿಲ್ಲ.

ಡಬ್ಬಿಯ ಮೇಲೆ 'ಬೀಮ್ ದೂರ' ಎಂದು ಮೀಟರಿನಲ್ಲಿ ಬರೆದಿರುತ್ತಾರೆ. ಎಫ್ಎಲ್1 ಎಂಬ ಮಾನದಂಡದ ಪ್ರಕಾರ, ಬೆಳಕು 0.25 ಲಕ್ಸ್‌ಗೆ ಇಳಿಯುವ ದೂರವದು. ಲಕ್ಸ್ ಎಂದರೆ ಒಂದು ಜಾಗದ ಮೇಲೆ ಬೀಳುವ ಬೆಳಕಿನ ಅಳತೆ. 0.25 ಲಕ್ಸ್ ಅಂದರೆ ಸರಿಸುಮಾರು ಹುಣ್ಣಿಮೆಯ ಬೆಳದಿಂಗಳಷ್ಟು. ಲೆಕ್ಕ ಸುಲಭ: ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿ. 10,000 ಕ್ಯಾಂಡೆಲಾಕ್ಕೆ 200 ಮೀಟರ್, 40,000ಕ್ಕೆ 400 ಮೀಟರ್. ದೂರ ಎರಡು ಪಟ್ಟಾಗಬೇಕಾದರೆ ಕ್ಯಾಂಡೆಲಾ ನಾಲ್ಕು ಪಟ್ಟು ಬೇಕು.

ಬೆಳದಿಂಗಳಲ್ಲಿ ಏನೋ ಇದೆ ಎಂದು ಕಾಣುತ್ತದೆ, ಏನು ಎಂದು ಗೊತ್ತಾಗುವುದಿಲ್ಲ. ಆದ್ದರಿಂದ ಡಬ್ಬಿಯ ಮೇಲಿನ ದೂರದ ಮೂರನೇ ಒಂದು ಭಾಗವನ್ನಷ್ಟೇ ನಂಬಿ. ನಿಮಗೆ 100 ಮೀಟರಿನಲ್ಲಿ ಗುರುತು ಸಿಗಬೇಕೆಂದರೆ ಕನಿಷ್ಠ 300 ಮೀಟರ್ ಬೀಮ್ ಇರುವುದನ್ನು ನೋಡಿ. ಅಂದರೆ 22,500 ಕ್ಯಾಂಡೆಲಾ. ಕೋಣೆಯೊಳಗೆ, ಅಂಗಳದಲ್ಲಿ ಬಳಸುವವರಿಗೆ ಇಷ್ಟು ಬೇಕಿಲ್ಲ. ಅವರಿಗೆ ಹರಡಿಕೊಳ್ಳುವ ಬೆಳಕೇ ಮೇಲು. ಬಿಳಿ ಗೋಡೆಯ ಮುಂದೆ ಬಲವಾದ ಟಾರ್ಚ್ ಹಚ್ಚಿದರೆ ಬೆಳಕು ವಾಪಸ್ ನಿಮ್ಮ ಕಣ್ಣಿಗೇ ಹೊಡೆಯುತ್ತದೆ.

ಇನ್ನೊಂದು ಮಾತು. ಲ್ಯೂಮೆನ್ ಅಳೆಯುವುದು ಟಾರ್ಚ್ ಹಚ್ಚಿದ ಹೊಸದರಲ್ಲಿ. ಬಿಸಿಯೇರಿದಂತೆ ಹಲವು ಟಾರ್ಚ್‌ಗಳು ತಮ್ಮ ಬೆಳಕನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಇಷ್ಟು ಗಂಟೆ ಉರಿಯುತ್ತದೆ ಎಂಬ ಲೆಕ್ಕವೂ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನದು. ಅಂಗಡಿಯಲ್ಲಿ ಒಂದು ನಿಮಿಷ ಹಚ್ಚಿ ನೋಡಿ ಮೆಚ್ಚಿಕೊಂಡರೆ ಸಾಲದು, ಹತ್ತು ನಿಮಿಷದ ಮೇಲೆ ಹೇಗಿದೆ ನೋಡಿ.

ಒದೆತ ತಡೆಯಬೇಕು

ಮನೆಯಲ್ಲಿರುವ ಒಳ್ಳೆಯ ಟಾರ್ಚನ್ನೇ ಕಟ್ಟಿದರೆ ಆಗದೇ ಎಂದು ಕೆಲವರು ಕೇಳುತ್ತಾರೆ. ಸಣ್ಣ ಒದೆತದ ರೈಫಲ್‌ನಲ್ಲಿ ಕೆಲವು ದಿನ ನಡೆಯಬಹುದು. ತೊಂದರೆ ಹೇಗೆ ಬರುತ್ತದೆ ನೋಡಿ. ಗುಂಡು ಹಾರಿದಾಗ ರೈಫಲ್ ಹಿಂದಕ್ಕೆ ಒದೆಯುತ್ತದೆ, ಒಳಗಿರುವ ಸೆಲ್ ಇದ್ದಲ್ಲೇ ಉಳಿಯಲು ನೋಡುತ್ತದೆ. ಒಂದೇ ಕಡೆ ಸ್ಪ್ರಿಂಗ್ ಇರುವ ಟಾರ್ಚಿನಲ್ಲಿ ಕಣ್ಣೆವೆ ಮುಚ್ಚುವಷ್ಟು ಹೊತ್ತು ಸೆಲ್ಲಿನ ಸಂಪರ್ಕ ತಪ್ಪುತ್ತದೆ. ಹೈ, ಲೋ, ಮಿಟುಕು ಎಂದು ಹಲವು ಮೋಡ್ ಇರುವ ಟಾರ್ಚ್ ಇದನ್ನು ನೀವೇ ಸ್ವಿಚ್ ತಟ್ಟಿದಿರಿ ಎಂದುಕೊಳ್ಳುತ್ತದೆ. ಮೊದಲ ಗುಂಡಿಗೆ ಪೂರ್ತಿ ಬೆಳಕು, ಎರಡನೆಯದಕ್ಕೆ ಮಂಕು, ಮೂರನೆಯದಕ್ಕೆ ಪಟಪಟ ಮಿಟುಕು.

ಹೀಗಾಗಿ ಸೆಲ್ಲಿನ ಎರಡೂ ತುದಿಗೆ ಸ್ಪ್ರಿಂಗ್ ಇರುವ, ಒಳಗಿನ ಸರ್ಕ್ಯೂಟ್ ಅಲುಗಾಡದಂತೆ ಅಂಟು ತುಂಬಿದ ಟಾರ್ಚ್ ನೋಡಿ. ಮೋಡ್ ಒಂದೇ ಇರಲಿ: ಒತ್ತಿದರೆ ಪೂರ್ತಿ ಬೆಳಕು, ಬಿಟ್ಟರೆ ಕತ್ತಲೆ. ಏರ್ ರೈಫಲ್ ಇರುವವರು ತಮ್ಮದು ಹಗುರ ಬಂದೂಕು ಎಂದು ನಿರ್ಲಕ್ಷ್ಯ ಮಾಡಬಾರದು. ಸ್ಪ್ರಿಂಗ್ ಪಿಸ್ಟನ್ ಇರುವ ಏರ್ ರೈಫಲ್ ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ. ಗುರಿ ನೋಡುವ ಗಟ್ಟಿ ದುರ್ಬೀನು, ಅಂದರೆ ಸ್ಕೋಪ್‌ಗಳನ್ನೇ ಹಾಳು ಮಾಡಿದ ಒದೆತ ಅದು.

ನೀರಿನ ವಿಷಯದಲ್ಲಿ ಐಪಿಎಕ್ಸ್7 ಅಂದರೆ 1 ಮೀಟರ್ ನೀರಿನಲ್ಲಿ 30 ನಿಮಿಷ ತಡೆಯುತ್ತದೆ ಎಂದರ್ಥ. ಮಳೆಗೆ ಧಾರಾಳವಾಯಿತು.

ಸೆಲ್

ಎರಡು ಜಾತಿ ಮುಖ್ಯ. ಸಿಆರ್123ಎ ಎಂಬುದು 3 ವೋಲ್ಟಿನ ಗಿಡ್ಡ ಲಿಥಿಯಂ ಸೆಲ್, ಚಾರ್ಜ್ ಮಾಡಲು ಬರುವುದಿಲ್ಲ. ಆದರೆ ಬಳಸದೆ ಇಟ್ಟರೆ ಸುಮಾರು 10 ವರ್ಷ ಕೆಡುವುದಿಲ್ಲ, ಚಳಿಗೂ ಜಗ್ಗುವುದಿಲ್ಲ. 18650 ಎಂಬುದು ಚಾರ್ಜ್ ಮಾಡುವ ಲಿಥಿಯಂ ಅಯಾನ್ ಸೆಲ್. ಅಗಲ 18 ಮಿಲಿಮೀಟರ್, ಉದ್ದ 65 ಮಿಲಿಮೀಟರ್ ಎಂಬುದನ್ನು ಹೆಸರೇ ಹೇಳುತ್ತದೆ. ಪೂರ್ತಿ ಚಾರ್ಜ್ ಆದಾಗ 4.2 ವೋಲ್ಟ್.

ದಿನಾ ಬಳಸುವವರಿಗೆ 18650 ಲಾಭ. ಬೀರುವಿನಲ್ಲಿಟ್ಟು ಅಪರೂಪಕ್ಕೆ ತೆಗೆಯುವವರಿಗೆ ಸಿಆರ್123ಎ ಮೇಲು. ಎರಡನ್ನೂ ನುಂಗುವ ಟಾರ್ಚ್‌ಗಳೂ ಇವೆ, ಆದರೆ ತಯಾರಕರು ಹಾಗೆಂದು ಸ್ಪಷ್ಟವಾಗಿ ಬರೆದಿರಬೇಕು. ಎರಡು ಸಿಆರ್123ಎ ಸೇರಿದರೆ 6 ವೋಲ್ಟ್. ಅದೇ ಜಾಗಕ್ಕೆ ಅದೇ ಅಳತೆಯ ಎರಡು ಚಾರ್ಜಿಂಗ್ ಸೆಲ್ ತುರುಕಿದರೆ 8.4 ವೋಲ್ಟ್ ಆಗಿ ಸರ್ಕ್ಯೂಟ್ ಸುಟ್ಟುಹೋಗಬಹುದು. ಹಳೆಯ ಸಿಆರ್123ಎ ಜೊತೆ ಹೊಸದನ್ನು ಸೇರಿಸಿ ಹಾಕಲೇಬೇಡಿ. ಬಳಲಿದ ಸೆಲ್ಲಿನ ಮೇಲೆ ಒತ್ತಡ ಬಿದ್ದು ಅದು ಬಿಸಿಯಾಗಿ ಸಿಡಿಯುವ ಅಪಾಯವಿದೆ.

ಮೌಂಟ್

ಜನ ಟಾರ್ಚಿಗೆ ಕೈತುಂಬಾ ಸುರಿದು ಮೌಂಟಿಗೆ ಸುಮ್ನೆ ಸಿಕ್ಕಿದ್ದನ್ನು ತರುತ್ತಾರೆ. ನನ್ನ ಪ್ರಕಾರ ಇದು ತಲೆಕೆಳಗು. ಸಾಧಾರಣ ಟಾರ್ಚ್ ಗಟ್ಟಿ ಮೌಂಟಿನಲ್ಲಿ ಕೆಲಸ ಮಾಡುತ್ತದೆ. ಒಳ್ಳೆಯ ಟಾರ್ಚ್ ಸಡಿಲ ಮೌಂಟಿನಲ್ಲಿ ಮಾಡುವುದಿಲ್ಲ.

ನಿಮ್ಮ ರೈಫಲ್ ಮೇಲೆ ಈಗ ಏನಿದೆ ನೋಡಿ. ಅಡ್ಡಡ್ಡ ಕಚ್ಚುಗಳಿರುವ ಲೋಹದ ಪಟ್ಟಿ ಇದ್ದರೆ ಅದು ಪಿಕಾಟಿನಿ ಅಥವಾ ವೀವರ್. ಎರಡೂ ಮೇಲುನೋಟಕ್ಕೆ ಒಂದೇ. ಪಿಕಾಟಿನಿಯನ್ನು ಅಮೆರಿಕದ ಸೇನೆ 1995ರಲ್ಲಿ ಮಾನದಂಡ ಮಾಡಿತು. ಕಚ್ಚಿನ ಅಗಲ 5.23 ಮಿಲಿಮೀಟರ್, ಅಂತರ ಎಲ್ಲ ಕಡೆ ಒಂದೇ ಸಮ, ಸುಮಾರು 10 ಮಿಲಿಮೀಟರ್. ವೀವರ್‌ನ ಕಚ್ಚು 4.57 ಮಿಲಿಮೀಟರ್, ಅಂತರಕ್ಕೆ ನಿಯಮವಿಲ್ಲ. ಆದ್ದರಿಂದ ವೀವರ್ ಮೌಂಟ್ ಸಾಮಾನ್ಯವಾಗಿ ಪಿಕಾಟಿನಿಯಲ್ಲಿ ಕೂರುತ್ತದೆ, ಪಿಕಾಟಿನಿ ಮೌಂಟಿನ ದಪ್ಪ ಅಡ್ಡಪಟ್ಟಿ ವೀವರ್‌ನಲ್ಲಿ ಇಳಿಯದೇ ಇರಬಹುದು. ನಳಿಕೆಯ ಸುತ್ತಲಿನ ಕೈಯಾಸರೆಯ ಬದಿಯಲ್ಲಿ ಉದ್ದುದ್ದ ಕಿಂಡಿಗಳಿದ್ದರೆ ಎಂ-ಲಾಕ್, ಬೀಗದ ಕೈ ತೂತಿನಂತಿದ್ದರೆ ಕೀಮಾಡ್. ಏರ್ ರೈಫಲ್, .22 ರೈಫಲ್‌ಗಳ ಮೇಲೆ ಬಹುಮಟ್ಟಿಗೆ 11 ಮಿಲಿಮೀಟರಿನ ಸಣ್ಣ ಓರೆಯಂಚಿನ ಪಟ್ಟಿ, ಅಂದರೆ ಡವ್‌ಟೇಲ್ ಇರುತ್ತದೆ. ಅದಕ್ಕೆ ಪಿಕಾಟಿನಿ ಮೌಂಟ್ ಹಿಡಿಯುವುದಿಲ್ಲ. ಅಡಾಪ್ಟರ್ ಹಾಕಬಹುದು, ಆದರೆ ಪ್ರತಿ ಅಡಾಪ್ಟರ್ ಸಡಿಲಾಗುವ ಇನ್ನೊಂದು ಜಾಗ. ನೇರವಾಗಿ ಹಿಡಿಯುವ ಮೌಂಟ್ ಸಿಕ್ಕರೆ ಅದನ್ನೇ ಕೊಳ್ಳಿ.

ಪಟ್ಟಿಯೇ ಇಲ್ಲದ ಮರದ ಸ್ಟಾಕಿನ (ನಳಿಕೆಯನ್ನು ಹೊತ್ತ ಮರದ ಭಾಗದ) ರೈಫಲ್ ಇದ್ದರೆ ನಳಿಕೆಗೇ ಕ್ಲ್ಯಾಂಪ್ ಬಿಗಿಯುವ ಆಸೆ ಬರುತ್ತದೆ. ಒಂದು ಕಾಗದದ ಚೂರನ್ನು ನಳಿಕೆ ಮತ್ತು ಸ್ಟಾಕಿನ ನಡುವೆ ತೂರಿಸಿ ಹಿಂದಕ್ಕೆ ಎಳೆಯಿರಿ. ಎಲ್ಲೂ ತಡೆಯದೆ ಚೇಂಬರಿನ (ಗುಂಡು ಕೂರುವ ಗೂಡಿನ) ಹತ್ತಿರದವರೆಗೆ ಜಾರಿದರೆ ನಳಿಕೆ ಯಾವುದಕ್ಕೂ ತಾಗದೆ ನಿಂತಿದೆ ಎಂದರ್ಥ. ಹಾಗಿರುವುದು ನಿಖರತೆಗೋಸ್ಕರ. ಅದಕ್ಕೆ ಭಾರ ಕಟ್ಟಿದರೆ ಗುಂಡು ಬೀಳುವ ಜಾಗ ಬದಲಾಗುತ್ತದೆ. ಕಟ್ಟಲೇಬೇಕಾದರೆ ಕಟ್ಟಿದ ಮೇಲೆ ಹೊಸದಾಗಿ ಝೀರೋ ಮಾಡಿ, ಅಂದರೆ ಗುರಿಯಿಟ್ಟ ಜಾಗಕ್ಕೇ ಗುಂಡು ಬೀಳುವಂತೆ ಹೊಂದಿಸಿ, ಆಮೇಲೆ ಬಿಚ್ಚಬೇಡಿ.

ಸ್ಕೋಪಿನ ಕೊಳವೆಗೆ ಉಂಗುರ ಹಾಕಿ ಟಾರ್ಚ್ ಕೂರಿಸುವವರೂ ಇದ್ದಾರೆ. ದೂರದ ಗುರಿಗೆ ಅನುಕೂಲವೇ. ಕೊಳವೆಯ ಅಳತೆ ನೋಡಿ ಉಂಗುರ ತನ್ನಿ: ಹೆಚ್ಚಿನವು 25.4 ಇಲ್ಲವೇ 30 ಮಿಲಿಮೀಟರ್. ಜಾಸ್ತಿ ಬಿಗಿದರೆ ಕೊಳವೆ ನಜ್ಜಾಗುತ್ತದೆ. ಭಾರದ ಟಾರ್ಚಿಗೆ ಈ ಜಾಗ ಬೇಡ.

ಎಲ್ಲಿ ಕೂರಿಸುವುದು

ಟಾರ್ಚ್ ಎಡಗಡೆ ಇದ್ದರೆ ನಳಿಕೆಯ ನೆರಳು ಬಲಗಡೆ ಬೀಳುತ್ತದೆ. ಟಾರ್ಚನ್ನು ಮುಂದಕ್ಕೆ ತಳ್ಳಿದಷ್ಟೂ ನೆರಳು ಸಣ್ಣದಾಗುತ್ತದೆ. ಹಾಗೆಂದು ನಳಿಕೆಯ ಬಾಯಿ ದಾಟಿಸಬೇಡಿ, ಬಾಯಿಯ ಪಕ್ಕಕ್ಕೂ ಬೇಡ. ಮಸಿ ಬಂದು ಗಾಜಿಗೆ ಮೆತ್ತಿಕೊಳ್ಳುತ್ತದೆ. ತುದಿಯಲ್ಲಿ ಒದೆತ ತಗ್ಗಿಸುವ ಮಜಲ್ ಬ್ರೇಕ್ ಇದ್ದರೆ ಅದರ ಬಿಸಿ ಅನಿಲ ಪಕ್ಕಕ್ಕೇ ನುಗ್ಗುತ್ತದೆ, ಇನ್ನೂ ಹಿಂದಕ್ಕಿಡಿ. ಇನ್ನೊಂದು ಕಡೆ, ಟಾರ್ಚ್ ಮುಂದಕ್ಕೆ ಹೋದಷ್ಟೂ ರೈಫಲ್ ಮೂಗು ಭಾರವಾಗುತ್ತದೆ. 200 ಗ್ರಾಂ ಕೈಯಲ್ಲಿ ಏನೂ ಅನ್ನಿಸದು, ನಳಿಕೆಯ ತುದಿಯಲ್ಲಿ ಅನ್ನಿಸುತ್ತದೆ.

ಕೊನೆಗೆ ಜಾಗ ನಿರ್ಧರಿಸುವುದು ನಿಮ್ಮ ಹೆಬ್ಬೆರಳು. ರೈಫಲನ್ನು ಎಂದಿನಂತೆ ಹಿಡಿಯಿರಿ. ಹಿಡಿತ ಬದಲಿಸದೆ ಹೆಬ್ಬೆರಳು ಎಲ್ಲಿಗೆ ಎಟಕುತ್ತದೋ ಅಲ್ಲಿ ಸ್ವಿಚ್ ಬರಬೇಕು. ಬಲಗೈಯವರಿಗೆ ಇದು ಸಾಮಾನ್ಯವಾಗಿ ನಳಿಕೆಯ ಎಡ ಮೇಲ್ಬದಿ, ಗಡಿಯಾರದ ಹತ್ತು ಹನ್ನೊಂದರ ಜಾಗ. ಅಷ್ಟು ದೂರ ಎಟಕದಿದ್ದರೆ ತಂತಿಯಿರುವ ಒತ್ತುಪಟ್ಟಿ ಸ್ವಿಚ್ ಬೇಕು. ತಂತಿ ಎಲ್ಲೂ ಜೋತಾಡದಂತೆ ಕಟ್ಟಿ, ಮುಳ್ಳುಕಂಟಿಗೆ ಮೊದಲು ಸಿಕ್ಕಿಕೊಳ್ಳುವುದು ಅದೇ.

ಬಿಗಿಯುವುದು, ಪರೀಕ್ಷಿಸುವುದು

ಮ್ಯಾಗಜಿನ್ ತೆಗೆಯಿರಿ. ಬೋಲ್ಟ್ ಎಳೆದು ಚೇಂಬರ್ ಖಾಲಿ ಇರುವುದನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ. ಗುಂಡುಗಳು ಬೇರೆ ಕೋಣೆಯಲ್ಲಿರಲಿ. ಸ್ಕ್ರೂ ಮತ್ತು ಅದರ ತೂತಿನ ಎಣ್ಣೆಯನ್ನು ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ. ಮೌಂಟಿನ ಅಡ್ಡಪಟ್ಟಿಯನ್ನು ಕಚ್ಚಿನೊಳಗೆ ಇಳಿಸಿ, ನಳಿಕೆಯ ಬಾಯಿಯ ಕಡೆಗೆ ದಬ್ಬಿ ಹಿಡಿದು ಬಿಗಿಯಿರಿ. ಒದೆತಕ್ಕೆ ಮೌಂಟ್ ಜಾರಲು ನೋಡುವುದು ಅದೇ ದಿಕ್ಕಿಗೆ, ಈಗ ಅಲ್ಲಿ ಜಾಗವೇ ಇರುವುದಿಲ್ಲ. ಎರಡು ಸ್ಕ್ರೂ ಇದ್ದರೆ ಒಂದನ್ನೇ ಪೂರ್ತಿ ಬಿಗಿಯದೆ ಅದಿಷ್ಟು ಇದಿಷ್ಟು ತಿರುಗಿಸಿ. ಎಷ್ಟು ಬಿಗಿಯಬೇಕು ಎಂದು ತಯಾರಕರು ಬರೆದಿರುತ್ತಾರೆ, ಅದನ್ನು ಮೀರಬೇಡಿ. ಸ್ಕ್ರೂ ಅಂಟು ನೀಲಿ ಬಣ್ಣದ್ದೇ ಇರಲಿ. ಕೆಂಪು ಹಾಕಿದರೆ ಕಾಯಿಸದೆ ಬಿಚ್ಚಲು ಬರುವುದಿಲ್ಲ. ಕೊನೆಗೆ ಸ್ಕ್ರೂವಿನ ತಲೆಯಿಂದ ಮೌಂಟಿನ ಮೇಲಕ್ಕೆ ಪೇಂಟಿನಿಂದ ಒಂದು ಗೆರೆ ಎಳೆಯಿರಿ. ಗೆರೆ ತುಂಡಾಗಿ ಕಂಡ ದಿನ ಸ್ಕ್ರೂ ತಿರುಗಿದೆ ಎಂದು ತಿಳಿಯಿರಿ.

ಕತ್ತಲಾದ ಮೇಲೆ, ಖಾಲಿ ರೈಫಲನ್ನೇ ಸುರಕ್ಷಿತ ದಿಕ್ಕಿಗೆ ಹಿಡಿದು ಹಚ್ಚಿ ನೋಡಿ. ನೆರಳು ಗುರಿಯ ಮೇಲೆ ಬೀಳುತ್ತಿದೆಯೇ? ಸ್ಕೋಪಿನ ಮುಂದಿನ ಗಾಜಿಗೆ ಬೆಳಕು ತಾಗಿ ಒಳಗೆಲ್ಲ ಮಬ್ಬಾಗುತ್ತಿದೆಯೇ? ಕೈಗವಸು ಹಾಕಿದರೂ ಸ್ವಿಚ್ ಸಿಗುತ್ತದೆಯೇ? ಮಂಜಿರುವ ರಾತ್ರಿ ಇನ್ನೊಮ್ಮೆ ನೋಡಿ, ಆಗ ಬೆಳಕೆಲ್ಲ ಬಿಳಿ ಪರದೆಯಾಗಿ ಎದುರಿಗೇ ನಿಲ್ಲುತ್ತದೆ. ಅಗಲ ಬೀಮ್ ಇದ್ದಷ್ಟೂ ಪರದೆ ದಪ್ಪ. ಆಮೇಲೆ ಹಗಲಿನಲ್ಲಿ ಗುರಿ ಹಲಗೆಗೆ ಗುಂಡು ಹಾರಿಸಿ ಝೀರೋ ಕದಲಿಲ್ಲವೆಂದು ಖಚಿತ ಮಾಡಿಕೊಳ್ಳಿ, ಪೇಂಟಿನ ಗೆರೆಯನ್ನೂ ನೋಡಿ.

ಗಾಜಿಗೆ ಮಸಿ ಹಿಡಿಯುವುದು ತಪ್ಪುವುದಿಲ್ಲ. ಶೂಟಿಂಗಿಗೆ ಹೋಗುವ ಮುಂಚೆ ತುಟಿಗೆ ಹಚ್ಚುವ ಮುಲಾಮನ್ನು ಗಾಜಿನ ಮೇಲೆ ತೆಳುವಾಗಿ ಸವರಿದರೆ ಮಸಿ ಅದಕ್ಕೆ ಅಂಟುತ್ತದೆ, ವಾಪಸ್ ಬಂದು ಬಟ್ಟೆಯಲ್ಲಿ ಒರೆಸಿದರೆ ಎದ್ದುಬರುತ್ತದೆ. ರೈಫಲನ್ನು ಚೀಲಕ್ಕೆ ಹಾಕುವಾಗ ಟಾರ್ಚಿನ ಹಿಂದಿನ ಮುಚ್ಚಳವನ್ನು ಅರ್ಧ ಸುತ್ತು ಸಡಿಲಿಸಿ, ಸ್ವಿಚ್ ಒತ್ತಿ ಹತ್ತುವುದಿಲ್ಲವೆಂದು ನೋಡಿ ಇಡಿ. ಚೀಲದೊಳಗೆ ಸ್ವಿಚ್ ಒತ್ತಿಕೊಂಡು ಟಾರ್ಚ್ ಹತ್ತಿದರೆ ಸೆಲ್ ಮುಗಿಯುವುದಲ್ಲದೆ ಅದರ ತಲೆ ಚೀಲದ ಬಟ್ಟೆ ಸುಡುವಷ್ಟು ಕಾಯುತ್ತದೆ.