ಬಾಣಲೆಗೆ ಮುಚ್ಚಳ, ಹಿತ್ತಲಿಗೆ ವಾಲ್ವ್

ಉಡುಪಿಯ ರಥಬೀದಿಗೆ ನಡೆದು ಹೋಗುವಷ್ಟು ಹತ್ತಿರದಲ್ಲಿರುವ ನಮ್ಮ ಹೋಟೆಲಿನಲ್ಲಿ, ಸಂಜೆ ನಾಲ್ಕರಿಂದ ಏಳರವರೆಗೆ ಗೋಳಿಬಜೆಯ ಮತ್ತು ಬನ್ಸಿನ ಬಾಣಲೆಗಳು ಒಲೆಯಿಂದ ಇಳಿಯುವುದಿಲ್ಲ. ಕಳೆದ ವಿಟ್ಲಪಿಂಡಿಯ (ಕೃಷ್ಣಾಷ್ಟಮಿಯ ಮರುದಿನದ ಉತ್ಸವ) ದಿನ ಅವುಗಳಲ್ಲಿ ಒಂದಕ್ಕೆ ಬೆಂಕಿ ಹತ್ತಿತು. ಅರ್ಧ ನಿಮಿಷದೊಳಗೆ ಅದು ಆರಿತು, ಗಿರಾಕಿಗಳಲ್ಲಿ ಹೆಚ್ಚಿನವರಿಗೆ ಗೊತ್ತಾಗಲೂ ಇಲ್ಲ. "ಇಷ್ಟು ದೊಡ್ಡ ಬೆಂಕಿಗೆ ಒಂದು ತಗಡು ಸಾಕಾ ಮಾರಾಯ್ರೆ?" ಎಂದು ವರ್ಷವಿಡೀ ನಕ್ಕಿದ್ದ ಅಡಿಗೆ ಭಟ್ಟರೇ ಅಂದು ಆ ತಗಡಿನ ಮುಚ್ಚಳವನ್ನು ಬಾಣಲೆಗೆ ಮುಚ್ಚಿದವರು.

ಮೊದಲ ಬೆಂಕಿ 2024ರ ಪರ್ಯಾಯದ ಗದ್ದಲದಲ್ಲಿ ಬಿದ್ದಿತ್ತು. ಗೋಡೆಯಲ್ಲಿದ್ದ, ಬೆಂಕಿ ಆರಿಸುವ ಪೌಡರ್ ಸಿಲಿಂಡರನ್ನು ನಾನೇ ಹತ್ತಿರದಿಂದ ಬಿಟ್ಟೆ. ಜ್ವಾಲೆ ಅಡಗಿತು, ಆದರೆ ಎಣ್ಣೆಯ ಕಾವು ಇಳಿಯದ ಕಾರಣ ಮತ್ತೆ ಭಗ್ಗೆಂದಿತು. ಸಾಂಬಾರು, ಹಿಟ್ಟು, ತುರಿದ ತೆಂಗಿನಕಾಯಿ ಎಲ್ಲದರ ಮೇಲೂ ಹಳದಿ ಪುಡಿ ಕುಳಿತು, ಆ ದಿನದ ಅಡಿಗೆಯನ್ನೆಲ್ಲ ಚೆಲ್ಲಬೇಕಾಯಿತು. ವ್ಯಾಪಾರವೂ ಸೇರಿ ಸುಮಾರು 45 ಸಾವಿರದ ನಷ್ಟ. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಗ್ಯಾಸ್ ವಾಲ್ವ್ ಉರಿಯುತ್ತಿದ್ದ ಒಲೆಯ ಬುಡದಲ್ಲೇ ಇದ್ದುದರಿಂದ ಅದನ್ನು ಮುಟ್ಟಲು ಯಾರಿಗೂ ಆಗಲಿಲ್ಲ.

ಆಮೇಲೆ ಮೊದಲು ಮಾಡಿದ ಕೆಲಸ ಮುಖ್ಯ ವಾಲ್ವನ್ನು ಹಿತ್ತಲ ಬಾಗಿಲಿನ ಆಚೆಗೆ ಸಾಗಿಸಿದ್ದು. ಪೈಪು, ಕೂಲಿ ಸೇರಿ ಒಂಬತ್ತು ಸಾವಿರದ ಆಸುಪಾಸು ಆಯಿತು. ಎರಡನೆಯದು ಮುಚ್ಚಳ. ಮೊದಲು ಮಾಡಿಸಿದ್ದು ಗಿಡ್ಡ ಹಿಡಿಯದ್ದಾಗಿದ್ದು, ಅಣಕು ಅಭ್ಯಾಸದಲ್ಲೇ ಕೈಗೆ ಕಾವು ತಾಗಿತು. ಈಗಿನದು 24 ಇಂಚಿನ ಬಾಣಲೆಗೆ 28 ಇಂಚಿನ ಚಪ್ಪಟೆ ಸ್ಟೀಲ್ ತಟ್ಟೆ. ಎರಡೂವರೆ ಅಡಿಯ ಹಿಡಿ ಅಂಚಿನಿಂದ ಹೊರಡುತ್ತದೆ, ನಡುವಿನಿಂದಲ್ಲ. ಮೇಲಿನಿಂದ ಬೀಳಿಸಿದರೆ ಎಣ್ಣೆ ಹಾರುತ್ತದೆ. ಆದ್ದರಿಂದ ತಟ್ಟೆಯನ್ನು ಗುರಾಣಿಯಂತೆ ಮುಂದೆ ಹಿಡಿದು, ನಮ್ಮ ಕಡೆಯ ಅಂಚಿಗೆ ಊರಿ, ಆಚೆಗೆ ಜಾರಿಸಬೇಕು. ಬಾಣಲೆಯ ಬಾಯಿ ನೆಗ್ಗಿದ್ದರೆ ಸಂದಿಯಿಂದ ಗಾಳಿ ನುಗ್ಗುತ್ತದೆ. ಅದಕ್ಕಾಗಿ ತಟ್ಟೆಯ ಅಡಿಯಲ್ಲಿ ಮಾಡಿಸಿದ ಏರ್ಪಾಡು ನನಗೂ ವೆಲ್ಡಿಂಗಿನವನಿಗೂ ಮಾತ್ರ ಗೊತ್ತಿರಲಿ. ಎರಡು ಮುಚ್ಚಳಗಳಿಗೆ ಮೂರು ಸಾವಿರವೂ ಆಗಲಿಲ್ಲ.

ಒದ್ದೆ ಗೋಣಿ ಸಾಕೆಂದು ಹಿರಿಯರೊಬ್ಬರು ಹೇಳಿದ್ದರಿಂದ, ಹಿತ್ತಲಲ್ಲಿ ಅರ್ಧ ಲೀಟರ್ ಹಳೆ ಎಣ್ಣೆಗೆ ಬೆಂಕಿ ಹಚ್ಚಿ ದೂರದಿಂದ ಕೋಲಿನಲ್ಲಿ ಅದನ್ನೂ ನೋಡಿದೆ. ಗೋಣಿಯಿಂದ ತೊಟ್ಟಿಕ್ಕಿದ ನೀರು ಎಣ್ಣೆಯೊಳಗೆ ಆವಿಯಾಗಿ ಸಿಡಿದು, ಉರಿಯುವ ಹನಿಗಳು ತೆಂಗಿನ ಬುಡದವರೆಗೆ ಹಾರಿದವು. ಯಾರೂ ಮಾಡಬೇಡಿ. ಅಡಿಗೆ ಎಣ್ಣೆಯ ಬೆಂಕಿಗೆಂದೇ ಇರುವ ಕೆ ಮಾದರಿಯ ಸಿಲಿಂಡರು ಒಂದನ್ನು ತಂದಿಟ್ಟಿದ್ದೇನೆ. ಅದು ಮುಚ್ಚಳ ಸೋತರೆ ಬಳಸಲಿಕ್ಕೆ.

ತಿಂಗಳಿಗೊಮ್ಮೆ, ಮಧ್ಯಾಹ್ನದ ಊಟ ಮುಗಿದ ಮೇಲೆ ಅಭ್ಯಾಸ ನಡೆಯುತ್ತದೆ. ಬಾಣಲೆಯವರಿಗೆ ಮುಚ್ಚಳ, ದೋಸೆ ಕಾವಲಿಯವರಿಗೆ ವಾಲ್ವ್, ಪಾತ್ರೆ ತೊಳೆಯುವ ಹುಡುಗನಿಗೆ ಎಕ್ಸಾಸ್ಟ್ ಫ್ಯಾನಿನ ಸ್ವಿಚ್, ಗಲ್ಲಾದವರಿಗೆ ಅಗ್ನಿಶಾಮಕ ದಳದ 101, ಉಳಿದವರೆಲ್ಲ ಹೊರಗೆ. ಫ್ಯಾನ್ ತಿರುಗುತ್ತಿದ್ದರೆ ಜ್ವಾಲೆಯನ್ನು ಜಿಡ್ಡಿನ ಚಿಮಣಿಗೆ ಎಳೆಯುತ್ತದೆಂಬುದು ನನ್ನ ಹೆದರಿಕೆ. ಚಿಮಣಿಯ ಜಾಲರಿಯನ್ನು ವಾರಕ್ಕೊಮ್ಮೆ ಬಿಸಿನೀರಿನಲ್ಲಿ ನೆನೆಸುತ್ತೇವೆ. ಆ ನೀರಿಗೆ ಏನು ಬೆರೆಸುತ್ತೇವೆಂದು ಕೇಳಬೇಡಿ.

ಬಜೆ ಬೇಯುತ್ತಿರುವ ಬಾಣಲೆಗೆ ಬೆಂಕಿ ಹತ್ತುವುದು ನಾನು ಕಂಡಂತೆ ಅಪರೂಪ. ಹಿಟ್ಟು ಮುಗಿದು ಸುಮ್ಮನೆ ಕಾಯುತ್ತಿರುವುದಕ್ಕೇ ಅದು ಹತ್ತುತ್ತದೆ. ವಿಟ್ಲಪಿಂಡಿಯ ದಿನವೂ ಹಾಗೆಯೇ ಆಯಿತು. ಬೀದಿಯಲ್ಲಿ ಹುಲಿವೇಷದ ತಾಸೆಯ ಸದ್ದು ಕೇಳಿ ಮಾಣಿ ಉರಿ ತಗ್ಗಿಸದೆ ಬಾಗಿಲಿಗೆ ಹೋಗಿದ್ದ. ಭಟ್ಟರು ಮುಚ್ಚಿದರು, ವಾಲ್ವ್ ತಿರುಗಿ ಗ್ಯಾಸ್ ನಿಂತಿತು. ಹತ್ತು ನಿಮಿಷದ ಬಳಿಕ ಆರಿತೇ ಎಂದು ನೋಡಲು ಹಿಡಿಗೆ ಕೈ ಹಾಕಿದ ಮಾಣಿಗೆ ಭಟ್ಟರು ಜಾಲರಿ ಸೌಟಿನಿಂದಲೇ ಒಂದು ಕೊಟ್ಟರು. ಎಣ್ಣೆಯ ಕಾವು ಇಳಿಯಲೆಂದು ರಾತ್ರಿ ಹೋಟೆಲು ಮುಚ್ಚುವವರೆಗೂ ನಾವು ಅದನ್ನು ತೆರೆಯಲಿಲ್ಲ.