ಆಕ್ಸಿ-ಫ್ಯೂಯಲ್ ಕಟಿಂಗ್: ಯಾವ ಕೆಲಸಕ್ಕೆ ಯಾವ ಅನಿಲ?

ಗ್ಯಾಸ್ ಕಟಿಂಗ್‌ನಲ್ಲಿ ಉಕ್ಕನ್ನು ಕತ್ತರಿಸುವುದು ಇಂಧನವಲ್ಲ, ಆಮ್ಲಜನಕ. ಉಕ್ಕಿನ ಅಂಚು ಸುಮಾರು 900 ಡಿಗ್ರಿ ಸೆಲ್ಸಿಯಸ್‌ಗೆ ಕಾದ ಮೇಲೆ ಅದರ ಮೇಲೆ ಶುದ್ಧ ಆಮ್ಲಜನಕದ ಧಾರೆ ಹಾಯಿಸಿದರೆ ಕಬ್ಬಿಣವೇ ಹೊತ್ತಿ ಉರಿಯುತ್ತದೆ. ಉಕ್ಕಿಗಿಂತ ಕಡಿಮೆ ತಾಪಮಾನದಲ್ಲೇ ಕರಗುವ ಅದರ ಕಿಟ್ಟವನ್ನು ಅದೇ ಧಾರೆ ಕೆಳಗೆ ತಳ್ಳಿಬಿಡುತ್ತದೆ. ಅಂಚನ್ನು ಆ ಬಿಸಿಗೆ ತಂದು, ಕಟಿಂಗ್ ಮುಗಿಯುವವರೆಗೆ ಮೇಲ್ಮೈಯನ್ನು ಬಿಸಿಯಾಗಿಡುವುದಷ್ಟೇ ಇಂಧನದ ಪಾಲಿನ ಕೆಲಸ. ಆದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಅಲ್ಯೂಮಿನಿಯಂ ಕತ್ತರಿಸಲಾಗದಿದ್ದಾಗ ಅನಿಲ ಬದಲಿಸುವುದರಿಂದ ಪ್ರಯೋಜನವಿಲ್ಲ: ಅವುಗಳ ಮೇಲೆ ಮೂಡುವ ಆಕ್ಸೈಡ್ ಆ ಲೋಹಗಳಿಗಿಂತ ಹೆಚ್ಚಿನ ತಾಪಮಾನದಲ್ಲಿ ಕರಗುವಂಥದು.

ಅಸಿಟಿಲೀನ್ ಜ್ವಾಲೆಯ ತಾಪಮಾನ ಸುಮಾರು 3,100 ಡಿಗ್ರಿ, ಪ್ರೊಪೇನ್‌ನದು ಸುಮಾರು 2,800. ಆದರೆ ಈ ಅಂತರಕ್ಕಿಂತ ಶಾಖವು ಜ್ವಾಲೆಯ ಯಾವ ಭಾಗದಲ್ಲಿದೆ ಎಂಬುದು ಮುಖ್ಯ. ಅಸಿಟಿಲೀನ್‌ನಲ್ಲಿ ಶಾಖದ ಗಣನೀಯ ಪಾಲು ನಾಝಲ್‌ಗೆ ಅಂಟಿಕೊಂಡ ಚೂಪಾದ ಒಳಶಂಕುವಿನಲ್ಲಿದ್ದು ಒಂದೇ ಬಿಂದುವಿಗೆ ಬೀಳುತ್ತದೆ. ಪ್ರೊಪೇನ್‌ನಲ್ಲಿ ಬಹುಪಾಲು ಶಾಖ ಹೊರಜ್ವಾಲೆಯಲ್ಲಿ ಹರಡಿಕೊಂಡಿರುವುದರಿಂದ ಉಕ್ಕು ಕೆಂಪೇರುವುದು ನಿಧಾನ; ಅಸಿಟಿಲೀನ್‌ಗೆ ಒಗ್ಗಿದ ಕೈ ನಾಝಲ್ಲನ್ನು ತೀರಾ ಹತ್ತಿರ ಹಿಡಿದು, "ಇದಕ್ಕೆ ಬಿಸಿಯೇ ಇಲ್ಲ" ಎಂದು ದೂರುವುದು ಸಾಮಾನ್ಯ. ತೆಳುವಾದ ತಗಡು, ತುಕ್ಕು ಹಿಡಿದ ಅಥವಾ ಬಣ್ಣ ಬಳಿದ ಉಕ್ಕು, ಪದೇ ಪದೇ ರಂಧ್ರ ಕೊರೆದು ಆರಂಭಿಸಬೇಕಾದ ಸಣ್ಣ ಸಣ್ಣ ಕಟಿಂಗ್‌ಗಳು, ಅದೇ ಟಾರ್ಚ್‌ನಿಂದ ಉಕ್ಕಿನ ವೆಲ್ಡಿಂಗ್ ಕೂಡ ಮಾಡಬೇಕಾದ ಸಂದರ್ಭ: ಇವುಗಳಿಗೆ ಅಸಿಟಿಲೀನ್ ಸೂಕ್ತ. ದಪ್ಪ ಪ್ಲೇಟ್‌ನಲ್ಲಿ ಒಮ್ಮೆ ಆರಂಭಿಸಿ ದೂರದವರೆಗೆ ಸಾಗುವ ನೇರ ಕಟಿಂಗ್‌ಗೆ, ಹಾಗೆಯೇ ಬಗ್ಗಿಸಲು ವಿಶಾಲ ಭಾಗವನ್ನು ಕಾಯಿಸುವುದಕ್ಕೆ ನಾನು ಪ್ರೊಪೇನ್ ಅನ್ನೇ ಆರಿಸುತ್ತೇನೆ.

ಖರ್ಚಿನ ವಿಷಯದಲ್ಲಿ ಇಂಧನದ ಸಿಲಿಂಡರ್ ಬೆಲೆಯನ್ನಷ್ಟೇ ಹೋಲಿಸಿದರೆ ಲೆಕ್ಕ ತಪ್ಪುತ್ತದೆ. ತಟಸ್ಥ ಜ್ವಾಲೆಗೆ (ಇಂಧನವಾಗಲಿ ಆಮ್ಲಜನಕವಾಗಲಿ ಹೆಚ್ಚಾಗಿ ಉಳಿಯದ ಜ್ವಾಲೆ) ಒಂದು ಪಾಲು ಅಸಿಟಿಲೀನ್ ಜೊತೆ ಟಾರ್ಚ್‌ನಿಂದ ಒಂದು ಪಾಲಿಗಿಂತ ತುಸು ಹೆಚ್ಚು ಆಮ್ಲಜನಕ ಸಾಕು. ಪ್ರೊಪೇನ್‌ಗೆ ನಾಲ್ಕು ಪಾಲಿಗೂ ಹೆಚ್ಚು ಬೇಕು. ಒಂದು ಘನಮೀಟರ್ ಪ್ರೊಪೇನ್ ಉರಿದಾಗ ಬರುವ ಶಾಖ ಅಷ್ಟೇ ಅಸಿಟಿಲೀನ್‌ನದಕ್ಕಿಂತ ಒಂದೂವರೆ ಪಟ್ಟು ಮೀರುವುದರಿಂದ ಈ ಅಂತರ ಸ್ವಲ್ಪ ತಗ್ಗುತ್ತದೆಯಾದರೂ ಪೂರ್ತಿ ಅಳಿಯುವುದಿಲ್ಲ. ದಪ್ಪ ಪ್ಲೇಟ್‌ನ ಉದ್ದನೆಯ ಕಟಿಂಗ್‌ನಲ್ಲಿ ಆಮ್ಲಜನಕದ ದೊಡ್ಡ ಪಾಲು ಕಟಿಂಗ್ ಧಾರೆಗೇ ಹೋಗುವುದರಿಂದ ಇದು ಅಷ್ಟಾಗಿ ಕಾಡದು. ಗಳಿಗೆಗೊಮ್ಮೆ ನಿಲ್ಲಿಸಿ ಮತ್ತೆ ಕಾಯಿಸುವ ಕೆಲಸದಲ್ಲಿ ಮಾತ್ರ ಇಂಧನದಲ್ಲಿ ಉಳಿಸಿದ ಹಣವನ್ನು ಆಮ್ಲಜನಕ ನುಂಗಿಬಿಡಬಹುದು.

ಅಸಿಟಿಲೀನ್‌ಗೆ ಇನ್ನೂ ಒಂದು ಮಿತಿಯಿದೆ. ಸಿಲಿಂಡರ್‌ನೊಳಗೆ ಅದು ಸರಂಧ್ರ ವಸ್ತುವಿನಲ್ಲಿ ಹೀರಿಕೊಂಡ ಅಸಿಟೋನ್‌ನಲ್ಲಿ ಕರಗಿರುತ್ತದೆ. ಗಂಟೆಗೆ ಸಿಲಿಂಡರ್‌ನಲ್ಲಿರುವ ಅನಿಲದ ಏಳನೇ ಒಂದು ಭಾಗಕ್ಕಿಂತ ಹೆಚ್ಚು ಎಳೆಯಬಾರದೆಂಬುದು ಹಳೆಯ ನಿಯಮ. ಈಗ ಬಿಟ್ಟು ಬಿಟ್ಟು ಮಾಡುವ ಕೆಲಸಕ್ಕೆ ಹತ್ತನೇ ಒಂದು ಭಾಗ, ನಿರಂತರ ಕೆಲಸಕ್ಕೆ ಹದಿನೈದನೇ ಒಂದು ಭಾಗವೇ ಕ್ಷೇಮ. ಅದನ್ನು ಮೀರಿದರೆ ಅಸಿಟೋನ್ ಕೂಡ ಹೊರಬರುತ್ತದೆ. ದೊಡ್ಡ ನಾಝಲ್ ಹಾಕಬೇಕಾದರೆ ಹಲವು ಸಿಲಿಂಡರ್‌ಗಳನ್ನು ಒಟ್ಟಿಗೆ ಜೋಡಿಸಬೇಕಾಗುತ್ತದೆ. ಹೋಸ್‌ನಲ್ಲಿ ಅದರ ಒತ್ತಡ 15 ಪಿಎಸ್‌ಐ (ಚದರ ಇಂಚಿಗೆ 15 ಪೌಂಡ್) ದಾಟಲೇಬಾರದು, ಏಕೆಂದರೆ ಅದರಾಚೆಗೆ ಗಾಳಿ ಸೇರದೆಯೂ ಅದು ತಾನಾಗಿ ವಿಘಟಿಸಿ ಸ್ಫೋಟಿಸಬಲ್ಲದು. ತಾಮ್ರದ ಕೊಳವೆಯನ್ನೂ ಬಳಸಕೂಡದು.

ಪ್ರೊಪಿಲೀನ್ ಈ ಎರಡರ ನಡುವಿನದು: ಪ್ರೊಪೇನ್‌ಗಿಂತ ಬೇಗ ಕಾಯಿಸುತ್ತದೆ, ಆಮ್ಲಜನಕವೂ ತುಸು ಕಡಿಮೆ ಸಾಕು. ಪೈಪ್‌ಲೈನ್ ಇರುವ ಕಾರ್ಖಾನೆಗೆ ನೈಸರ್ಗಿಕ ಅನಿಲ ಅನುಕೂಲವಾದರೂ ಅದರ ಜ್ವಾಲೆ ಇನ್ನೂ ನಿಧಾನ.

ಇಂಧನ ಬದಲಿಸಿದರೆ ನಾಝಲ್ ಬದಲಿಸಲೇಬೇಕು. ಪ್ರೊಪೇನ್‌ನ ನಾಝಲ್ ಸಾಮಾನ್ಯವಾಗಿ ಎರಡು ತುಂಡಿನದಾಗಿದ್ದು, ಜ್ವಾಲೆ ಕಳಚಿ ಹೋಗದಂತೆ ಅದರ ತುದಿ ತುಸು ಒಳಸರಿದಿರುತ್ತದೆ. ರೆಗ್ಯುಲೇಟರ್, ಫ್ಲಾಶ್‌ಬ್ಯಾಕ್ ಅರೆಸ್ಟರ್ (ಜ್ವಾಲೆ ಹಿಂದಕ್ಕೆ ನುಗ್ಗದಂತೆ ತಡೆಯುವ ಸಾಧನ) ಮತ್ತು ಹೋಸ್ ಆ ಅನಿಲಕ್ಕೆ ಹೊಂದುವಂಥವೇ ಎಂದು ನೋಡಿಕೊಳ್ಳಬೇಕು; ಅಸಿಟಿಲೀನ್‌ಗೆಂದೇ ಮಾಡಿದ ಹೋಸ್‌ನ ರಬ್ಬರನ್ನು ಪ್ರೊಪೇನ್ ಕೆಡಿಸಬಹುದು. ಸೋರಿಕೆಯ ಸ್ವಭಾವವೂ ಬೇರೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಪ್ರೊಪೇನ್ ಗುಂಡಿ, ಚರಂಡಿ, ನೆಲಮಾಳಿಗೆಗಳಲ್ಲಿ ಶೇಖರವಾಗುವುದರಿಂದ ಅಂಥ ಜಾಗಗಳಲ್ಲಿ ಅದನ್ನು ಬಳಸದಿರುವುದೇ ಲೇಸು. ಅಸಿಟಿಲೀನ್ ಹಗುರವಾಗಿ ಮೇಲೇರುತ್ತದೆ. ಆದರೆ ಗಾಳಿಯಲ್ಲಿ ಶೇಕಡಾ 2.5ರಷ್ಟಿದ್ದರೂ 80ರಷ್ಟಿದ್ದರೂ ಹೊತ್ತಿಕೊಳ್ಳುತ್ತದೆ.

ಎರಡರಲ್ಲಿ ಯಾವುದೆಂದು ತೀರ್ಮಾನವಾಗದಿದ್ದರೆ, ನಿಮ್ಮ ದಿನನಿತ್ಯದ ದಪ್ಪದ ಪ್ಲೇಟ್ ಮೇಲೆ, ತಯಾರಕರ ಕೋಷ್ಟಕದಂತೆ ನಾಝಲ್ ಮತ್ತು ಒತ್ತಡವನ್ನು ಹೊಂದಿಸಿ, ಒಂದೇ ಉದ್ದವನ್ನು ಎರಡೂ ಇಂಧನಗಳಿಂದ ಕತ್ತರಿಸಿ ನೋಡಿ. ಆಮ್ಲಜನಕದ ಖರ್ಚನ್ನು ಸಿಲಿಂಡರ್‌ನ ಒತ್ತಡ ಇಳಿದ ಪ್ರಮಾಣದಿಂದ ಅಂದಾಜಿಸಬಹುದು. ಇಂಧನದ ಸಿಲಿಂಡರನ್ನು ಮಾತ್ರ ಮೊದಲೂ ಕೊನೆಗೂ ತೂಗಬೇಕು: ದ್ರವರೂಪದ ಪ್ರೊಪೇನ್ ಮುಗಿಯುತ್ತ ಬರುವವರೆಗೂ ಅದರ ಗೇಜಿನ ಮುಳ್ಳು ಹೆಚ್ಚುಕಡಿಮೆ ಅಲ್ಲೇ ನಿಂತಿರುತ್ತದೆ.